ಕ್ಯಾಪ್ಟನ್ ಸಾಹೇಬರ ಹುಂಜ

ಉಜೈರನ ಸೊಂಟಕ್ಕೆ ಹಿಂದೊಮ್ಮೆ ಹಗ್ಗ ಬಿದ್ದದ್ದುಂಟು. ಕೊರಳಿಗೆ ಟೈ ಬಿದ್ದದ್ದು ಅದೇ ಮೊದಲು. ಟೈ ಸಿಕಂದರನದು. ಕಂದು ಬಣ್ಣದ ಆ ಟೈ ಲಾಕ್‌ಡೌನ್ ಶುರುವಾದಂದಿನಿಂದ ಕಪಾಟಿನಲ್ಲಿ ನಿರುದ್ಯೋಗಿಯಾಗಿ ತೂಗಾಡುತ್ತಿತ್ತು. ಪರದೇಶದ ಸುಬಾಂಗ್ ಜಯಾ ಎಂಬ ಊರಿನ ಬಹುಮಹಡಿ ವಸತಿಯೊಂದರಲ್ಲಿ, ಸಿಕಂದರನ ಮನೆಯ ಬಾಲ್ಕನಿಯಲ್ಲಿ ಬಿಳಿಗೋಡೆಗೆ ಬೆನ್ನು ಕೊಟ್ಟು, ಮಾಸ್ಕನ್ನು ಗಲ್ಲದ ಕೆಳಕ್ಕೆ ಇಳಿಸಿ, ಕೆಳಗೆ ಲುಂಗಿ ಮೇಲೆ ಟೈ ಎಂಬ ವೇಷದಲ್ಲಿ ಅವನು ನಿಂತಾಗ ಮಗಳು ನಿಶತ್ ನಕ್ಕು ನಕ್ಕು ನೆಲಕ್ಕೇ ಕುಳಿತಳು. ಫೋಟೊದಲ್ಲಿ ಸೊಂಟದ ಕೆಳಗಿನದು ಬರುವುದಿಲ್ಲವೆಂದು ಸಿಕಂದರ್ ಧೈರ್ಯ ಹೇಳಿದ. ಲೋಕದ ಎಷ್ಟೋ ದೊಡ್ಡ ಮನುಷ್ಯರ ಮರ್ಯಾದೆ ಆ ವರ್ಷ ಉಳಿದದ್ದೇ ಹಾಗೆ.

ಉಜೈರ್ ಬರ್ಮಾದ ಅರಕಾನ್ ಸೀಮೆಯ ರೋಹಿಂಗ್ಯಾ. ಆ ವಸತಿಯ ಹುಲ್ಲು ಕತ್ತರಿಸುವುದು, ಕುಂಡಗಳಿಗೆ ನೀರುಣಿಸುವುದು, ಕಸದ ಗಾಲಿಡಬ್ಬಗಳನ್ನು ಗೇಟಿನವರೆಗೆ ತಳ್ಳುವುದು ಅವನ ಕೆಲಸ. ನಿರಾಶ್ರಿತನಾದವನು ಆ ದೇಶದಲ್ಲಿ ದುಡಿಯುವಂತಿಲ್ಲವೆಂದು ಕಾನೂನು ಹೇಳುತ್ತದೆ. ಹೊಟ್ಟೆಗೆ ಆ ಕಾನೂನನ್ನು ಯಾರೂ ಓದಿ ಹೇಳಿರಲಿಲ್ಲವಾದ್ದರಿಂದ ಅವನು ದುಡಿಯುತ್ತಿದ್ದ, ದುಡಿಸಿಕೊಂಡವರು ಕಂಡೂ ಕಾಣದಂತೆ ಇದ್ದರು. ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿತ್ತು. ಉಳಿದವಳು ಹತ್ತು ವರ್ಷದ ನಿಶತ್. ಆ ನೆಲದಲ್ಲೇ ಹುಟ್ಟಿ, ಆ ನೆಲದ ಮಾತನ್ನೇ ಆಡಿ ಬೆಳೆದರೂ ಸರ್ಕಾರಿ ಶಾಲೆಯ ಬಾಗಿಲು ಅವಳಿಗೆ ತೆರೆಯದು. ದಿನಸಿ ಅಂಗಡಿಯೊಂದರ ಮಹಡಿಯಲ್ಲಿ ನಿರಾಶ್ರಿತರೇ ನಡೆಸುತ್ತಿದ್ದ ಪುಟ್ಟ ಶಾಲೆಗೆ ಕೊರೊನಾ ಬೀಗ ಜಡಿದಿತ್ತು. ಸಿಕಂದರನ ಹೆಂಡತಿ ತಾಹೆರಾ ಖಾಸಗಿ ಶಾಲೆಯೊಂದರಲ್ಲಿ ಗಣಿತ ಕಲಿಸುವವಳು. ತನ್ನ ಆನ್‌ಲೈನ್ ಪಾಠ ನಡೆಯುವಾಗ ಊಟದ ಮೇಜಿನ ಮೂಲೆಯಲ್ಲಿ ನಿಶತ್‌ಳನ್ನು ಕೂರಿಸಿಕೊಳ್ಳುತ್ತಿದ್ದಳು. ಶುಲ್ಕ ಕಟ್ಟಿದ ಮಕ್ಕಳು ಕ್ಯಾಮೆರಾ ಮುಚ್ಚಿ ನಿದ್ದೆ ಹೋಗುತ್ತಿದ್ದರು. ಕಟ್ಟದ ಹುಡುಗಿ ಭಿನ್ನರಾಶಿ ಬಿಡಿಸುತ್ತಿದ್ದಳು. ಈ ಅನ್ಯಾಯಕ್ಕೆ ಯಾರನ್ನು ಬೆಂಚಿನ ಮೇಲೆ ನಿಲ್ಲಿಸಬೇಕೋ ತಾಹೆರಾಳಿಗೆ ತಿಳಿದಿರಲಿಲ್ಲ.

ಆಗ ನಿರಾಶ್ರಿತರ ಕಚೇರಿಯಿಂದ ಒಂದು ಕರೆ ಬಂತು. ದೂರದ ತಣ್ಣನೆಯ ದೇಶವೊಂದು ಕೆಲವು ಕುಟುಂಬಗಳನ್ನು ಕರೆಸಿಕೊಳ್ಳಲಿದೆ, ಉಜೈರನ ಸರದಿ ಬಂದಿದೆ, ಸೋಂಕಿನ ಕಾಲವಾದ್ದರಿಂದ ಸಂದರ್ಶನ ವೀಡಿಯೊದಲ್ಲೇ ನಡೆಯುತ್ತದೆ ಎಂದರು. ಸಂದರ್ಶನ ದಾಟಿದರೆ ನಿಶತ್‌ಗೆ ಶಾಲೆ. ದಾಟದಿದ್ದರೆ ಊಟದ ಮೇಜಿನ ಮೂಲೆ, ಅದೂ ತಾಹೆರಾ ಅಲ್ಲಿರುವಷ್ಟು ಕಾಲ.

ಉಜೈರನ ಬಳಿ ಲ್ಯಾಪ್‌ಟಾಪ್ ಇರಲಿಲ್ಲ. ಸಿಕಂದರನ ಬಳಿ ಎರಡಿದ್ದವು, ಜೊತೆಗೆ ಸದುದ್ದೇಶವೂ ಇತ್ತು. ಹುಬ್ಬಳ್ಳಿಯ ಸಿಕಂದರ್ ಸೈಬರ್‌ಜಯಾದ ಕಂಪನಿಯೊಂದರಲ್ಲಿ ಜನರನ್ನು ಕೆಲಸಕ್ಕೆ ಆರಿಸುವ ಹುದ್ದೆಯಲ್ಲಿದ್ದ. ಆ ವರ್ಷ ಕಂಪನಿಯವರು ಅವನ ಹುದ್ದೆಯನ್ನು ತಿರುಗಾಮುರುಗಾ ಮಾಡಿ ಜನರನ್ನು ತೆಗೆಯಲು ಹಚ್ಚಿದ್ದರು. ಹಗಲೆಲ್ಲ ತೆಗೆದುಹಾಕಿದ ಪಾಪಕ್ಕೆ ಸಂಜೆ ಪರಿಹಾರವೆಂಬಂತೆ, ಕೆಲಸ ಕಳೆದುಕೊಂಡವರ ಬಯೋಡೇಟಾಗಳನ್ನು ಪುಕ್ಕಟೆಯಾಗಿ ತಿದ್ದಿ ಹೊಳಪು ಕೊಡುತ್ತಿದ್ದ. ಕನ್ನಡ ಬಳಗದವರು ಮೆಚ್ಚಿ ಆನ್‌ಲೈನ್‌ನಲ್ಲೇ ಅವನಿಗೆ ಸನ್ಮಾನ ಮಾಡಿದ್ದರು. ಶಾಲು ಕೊರಿಯರ್‌ನಲ್ಲಿ ಬಂದಿತ್ತು. ಅಧ್ಯಕ್ಷರು ಪುತ್ರಜಯಾದಿಂದ ಹಾರೈಸಿದ ಕ್ಷಣದಲ್ಲಿ ಅದನ್ನು ಗಂಡನ ಹೆಗಲಿಗೆ ಹೊದಿಸುವ ಹೊಣೆ ತಾಹೆರಾಳದಾಯಿತು. ಹೊದಿಸುತ್ತ ಅವಳು ಆಡಿದ “ಸ್ವಲ್ಪ ಬಗ್ಗ್ರಿ, ರೇಟಿನ ಚೀಟಿ ಇನ್ನಾ ಹರದಿಲ್ಲ ಇದರದು” ಎಂಬ ಮಾತನ್ನು ಬಳಗ ಪೂರ್ತಿ ಕೇಳಿಸಿಕೊಂಡಿತು.

ಕೆಟ್ಟ ಅನುಭವ ಎಂಬುದು ಲೋಕದಲ್ಲಿಲ್ಲ, ಕೆಟ್ಟದಾಗಿ ಬರೆದ ಅನುಭವ ಮಾತ್ರ ಇದೆ ಎಂಬುದು ಸಿಕಂದರನ ಸಿದ್ಧಾಂತ. ಅಲ್ಲಿಯವರು ಮಾಮಕ್ ಎನ್ನುವ ಊಟದಂಗಡಿಯಲ್ಲಿ ಪರೋಟ ತಟ್ಟುತ್ತಿದ್ದ ಒಬ್ಬನನ್ನು ಅವನು ಆಹಾರೋದ್ಯಮದ ಪರಿಣತನನ್ನಾಗಿ ಮಾಡಿದ್ದ. ಹೋಟೆಲಿನ ಬಾಗಿಲಲ್ಲಿ ನಿಂತು ಸಲಾಮು ಹೊಡೆಯುತ್ತಿದ್ದವನು ಅವನ ಕೈಗೆ ಸಿಕ್ಕು ಅತಿಥಿ ಸಂಬಂಧಗಳ ಸಂಯೋಜಕನಾಗಿದ್ದ. ಹೀಗಿರುವಾಗ ಉಜೈರನ ಬಾಳನ್ನು ಅವನು ಹಾಗೆಯೇ ಬಿಟ್ಟಾನೆಯೆ? ಟೀ ಕುಡಿಸಿ, ಎದುರು ಕೂರಿಸಿಕೊಂಡು, ಮೊದಲಿನಿಂದ ಹೇಳು ಎಂದ.

ಉಜೈರ್ ಹೇಳಿದ. ಆದರೆ ಎಲ್ಲವನ್ನೂ ಹೇಳಲಿಲ್ಲ, ತಪ್ಪು ಅಲ್ಲಿಂದಲೇ ಮೊದಲಾಯಿತು. ಇಬ್ಬರ ನಡುವಿನ ಭಾಷೆ ಉರ್ದು. ಸಿಕಂದರನದು ಹುಬ್ಬಳ್ಳಿಯ ಗಲ್ಲಿಯದು, ಉಜೈರನದು ಹಿಂದಿ ಸಿನಿಮಾದಿಂದ ಹೆಕ್ಕಿದ್ದು. ಎರಡೂ ಅರ್ಧದಾರಿಯಲ್ಲಿ ಸಂಧಿಸಿ ಚೆನ್ನಾಗಿಯೇ ಸಾಗುತ್ತಿದ್ದವು. ಅಡ್ಡಿಯಾದದ್ದು ಭಾಷೆಯಲ್ಲ, ಪಕ್ಕದಲ್ಲಿ ಬಿಸ್ಕತ್ತು ಅದ್ದುತ್ತ ಕುಳಿತಿದ್ದ ನಿಶತ್.

ಅವಳಿಗೆ ಅಪ್ಪ ಚಿಕ್ಕಂದಿನಿಂದ ಒಂದು ಕಥೆ ಹೇಳಿದ್ದ. ಅಪ್ಪ ತರುಣನಾಗಿದ್ದಾಗ ಗೆಳೆಯರ ದಂಡು ಕಟ್ಟಿಕೊಂಡು ಬರ್ಮಾದ ಬೆಟ್ಟಗಳನ್ನೆಲ್ಲ ಹತ್ತಿ ಇಳಿದಿದ್ದನಂತೆ. ಅಪ್ಪನ ಬಳಿ ರಾಜಾ ಎಂಬ ಕಾಳಗದ ಹುಂಜವಿತ್ತಂತೆ. ಕೆಂಪು ಕತ್ತು, ಕಪ್ಪು ಬಾಲ. ಊರೂರಿನ ಹುಂಜಗಳನ್ನು ಸೋಲಿಸಿತ್ತಂತೆ. ಕೊನೆಗೊಂದು ದಿನ ಅದು ಬುಟ್ಟಿಯಿಂದ ಹಾರಿ ಬೆಟ್ಟದ ತುದಿ ಸೇರಿತಂತೆ. ಈಗಲೂ ಅಲ್ಲೇ ಇದೆ, ಬರ್ಮಾದಲ್ಲಿ ಬೆಳಗಾಗುವುದೇ ಅದು ಕೂಗಿದ ಮೇಲೆ. ತಾಯಿಯಿಲ್ಲದ ಮಗುವನ್ನು ಮಲಗಿಸಲು ಈ ಹುಂಜ ಪಟ್ಟ ಪಾಡು ಅಷ್ಟಿಷ್ಟಲ್ಲ.

ಆದ್ದರಿಂದ ಸಿಕಂದರನೆದುರು ಉಜೈರನ ಬಾಯಿಂದ ಬಂದದ್ದು ಕಥೆಗೂ ಸತ್ಯಕ್ಕೂ ನಡುವಿನ ಒಂದು ಸರಕು. ಸೈನ್ಯದವರ ಸಾಮಾನು ಹೊರುತ್ತಿದ್ದೆ ಎಂದ. ಮೂರು ಮಳೆಗಾಲ ಎಂದ. ಮದ್ದುಗುಂಡು, ಅಕ್ಕಿ, ಕ್ಯಾಪ್ಟನ್ ಸಾಹೇಬರ ಬೆತ್ತದ ಕುರ್ಚಿ. ಸಂಬಳವೆಷ್ಟಿತ್ತು ಎಂದು ಸಿಕಂದರ್ ಕೇಳಿದಾಗ ಮಗಳ ಕಡೆ ನೋಡಿ, ಅದೆಲ್ಲ ಇರಲಿಲ್ಲ ಭಾಯ್ ಎಂದು ನಕ್ಕುಬಿಟ್ಟ.

ಸಂಬಳವಿಲ್ಲದೆ ಮಾಡಿದ ಕೆಲಸಕ್ಕೆ ಸಿಕಂದರನ ವೃತ್ತಿಯಲ್ಲಿ ಇದ್ದದ್ದು ಒಂದೇ ಹೆಸರು. ಕಾಲೇಜು ಹುಡುಗರು ಕಡಲ ದಂಡೆಯಲ್ಲಿ ಬಾಟಲಿ ಹೆಕ್ಕಿ ಆ ಹೆಸರಿನಲ್ಲೇ ಬರೆದುಕೊಳ್ಳುತ್ತಾರೆ. ಸಾಹುಕಾರರ ಹೆಂಡಂದಿರು ಅನಾಥಾಲಯಕ್ಕೆ ಹೋಗಿ ಕೇಕು ಕತ್ತರಿಸಿ ಆ ಹೆಸರಿನಲ್ಲೇ ಫೋಟೊ ಹಾಕುತ್ತಾರೆ. ಸಿಕಂದರ್ ಎರಡು ಬೆರಳಲ್ಲಿ ಟಕಟಕ ಕುಟ್ಟಿದ: ಸೇನಾ ಸಾಗಣೆ ವಿಭಾಗದಲ್ಲಿ ಸ್ವಯಂಸೇವಕ. ಪರ್ವತ ಪ್ರದೇಶದಲ್ಲಿ ಮದ್ದುಗುಂಡು ನಿರ್ವಹಣೆಯ ಅನುಭವ. ಒತ್ತಡದಲ್ಲಿ ದುಡಿಯುವ ಸಾಮರ್ಥ್ಯ. ತಂಡದೊಡನೆ ಹೊಂದಿಕೊಂಡು ನಡೆಯುವ ಗುಣ.

ಮುಂದಿನವನ ಸೊಂಟಕ್ಕೂ ಹಿಂದಿನವನ ಸೊಂಟಕ್ಕೂ ಒಂದೇ ಹಗ್ಗದಲ್ಲಿ ಬಿಗಿದಾಗ ಆ ಕೊನೆಯ ಗುಣ ಯಾರಿಗಾದರೂ ತಾನಾಗಿ ಬರುತ್ತದೆ. ಹೀಗೆ ಮನುಷ್ಯರನ್ನು ಹಿಡಿದು, ಬಿಗಿದು, ಕೂಲಿಯಿಲ್ಲದೆ ಯುದ್ಧದ ಹೊರೆ ಹೊರಿಸುವುದಕ್ಕೆ ಕನ್ನಡದಲ್ಲಿ ಗುಲಾಮಗಿರಿ ಎಂಬ ಪದವಿದೆ. ಪ್ರಾಥಮಿಕ ಶಾಲೆಯ ಮಕ್ಕಳಿಗೂ ಅದರ ಅರ್ಥ ಗೊತ್ತು. ಆದರೆ ಬಯೋಡೇಟಾದಲ್ಲಿ ಅದಕ್ಕೆ ಜಾಗವಿಲ್ಲ.

ತಾಹೆರಾಳಿಗೆ ಮಾತ್ರ ಗುಮಾನಿ ಬಂತು. ಗಂಡನ ಹೆಗಲ ಮೇಲಿಂದ ಇಣುಕಿ ಓದಿದವಳು ಕನ್ನಡದಲ್ಲಿ ಕೇಳಿದಳು: “ಯಾರ್ರೀ ಪುಕ್ಕಟೆ ಮದ್ದುಗುಂಡ ಹೊತ್ಕೊಂಡ ಗುಡ್ಡಾ ಹತ್ತತಾರ? ಖರೇ ಏನೈತಿ ಸರಿಯಾಗಿ ಕೇಳ್ರಿ ಅವನ್ನ.”

“ನಿನಗ ಎಚ್‌ಆರ್ ತಿಳಿಯೂದಿಲ್ಲ. ಪಾಸಿಟಿವ್ ಇರಬೇಕು ಎಲ್ಲಾ.”

“ನಿಮ್ಮ ಪಾಸಿಟಿವ್ ಸುಡ್ಲಿ. ಈ ವರ್ಷ ಆ ಮಾತ ಬಾಯಾಗ ತರಬ್ಯಾಡ್ರಿ.”

ಸಿಕಂದರ್ ಬರೆದದ್ದನ್ನು ಉರ್ದುವಿನಲ್ಲಿ ಓದಿ ಹೇಳಿದ. ಉಜೈರ್ ಮತ್ತೊಮ್ಮೆ ಓದಿಸಿದ, ಆಮೇಲೆ ಮಗಳು ಕೇಳಲೆಂದು ಇನ್ನೊಮ್ಮೆ. ಅವನಿಗೆ ಅದು ತುಂಬ ಹಿಡಿಸಿತು. ಇಷ್ಟು ದಿನ ಒಬ್ಬಂಟಿಯಾಗಿ ಕಟ್ಟಿದ ಸುಳ್ಳಿಗೆ ಯಾರೋ ಓದಿದವರು ಬಂದು ಸುಣ್ಣ ಬಳಿದು ಕೊಟ್ಟಂತಾಯಿತು. ಟೈ ಕಟ್ಟಿಸಿಕೊಂಡ, ಫೋಟೊ ತೆಗೆಸಿಕೊಂಡ. ಯಾರೂ ಕೇಳದಿದ್ದ ಆ ಬಯೋಡೇಟಾವನ್ನು ಸಿಕಂದರ್ ಅದೇ ಸಂಜೆ ಇಮೇಲಿನಲ್ಲಿ ಕಚೇರಿಗೆ ಕಳಿಸಿದ. ಸಂದರ್ಶನವೆಂದರೆ ಮುಂಚಿತವಾಗಿ ಬಯೋಡೇಟಾ ಕಳಿಸಬೇಕು ಎಂಬುದರಲ್ಲಿ ಅವನಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ.

ಸಂದರ್ಶನದ ಬೆಳಿಗ್ಗೆ ಲ್ಯಾಪ್‌ಟಾಪನ್ನು ಗಣಿತದ ಪುಸ್ತಕಗಳ ಮೇಲೆ ಏರಿಸಿಡಲಾಯಿತು. ತೆರೆಯ ಮೇಲೆ ಕನ್ನಡಕದ ಒಬ್ಬ ಮಹಿಳೆ ಕಾಣಿಸಿಕೊಂಡರು. ತಮ್ಮ ಮನೆಯಿಂದಲೇ ಮಾತಾಡುತ್ತಿದ್ದ ಅವರ ಹಿಂದೆ ಬೆಕ್ಕೊಂದು ಯಾರ ಅಪ್ಪಣೆಯೂ ಇಲ್ಲದೆ ಅಡ್ಡಾಡುತ್ತಿತ್ತು. ಇನ್ನೊಂದು ಚೌಕದಲ್ಲಿ ಮುಖ ಕಾಣದ ದುಭಾಷಿ. ದನಿಯಿಂದ ವಯಸ್ಸಾದ ರೋಹಿಂಗ್ಯಾ ಎಂದು ತಿಳಿಯುತ್ತಿತ್ತು. ಕುಟುಂಬದವರೆಲ್ಲ ತೆರೆಯಲ್ಲಿ ಕಾಣಬೇಕೆಂಬ ನಿಯಮದಿಂದ ನಿಶತ್ ಅಪ್ಪನ ಪಕ್ಕ ಜಡೆ ಬಿಗಿದು ಕುಳಿತಿದ್ದಳು. ಸಿಕಂದರ್ ಲ್ಯಾಪ್‌ಟಾಪಿನ ಹಿಂದೆ ಯಾರಿಗೂ ಕಾಣದಂತೆ ಕುಕ್ಕರಗಾಲಲ್ಲಿ ಕುಳಿತು, ಪ್ರತಿ ಉತ್ತರಕ್ಕೂ ಹೆಬ್ಬೆರಳು ಎತ್ತಿ ಹುರಿದುಂಬಿಸುತ್ತಿದ್ದ. ತಾಹೆರಾ ಅಡುಗೆಮನೆಯ ಬಾಗಿಲಲ್ಲಿದ್ದಳು.

ಹೆಸರಾಯಿತು, ಊರಾಯಿತು, ತೀರಿಹೋದ ಹೆಂಡತಿಯ ವಿಷಯವಾಯಿತು. ನಂತರ ಅಧಿಕಾರಿಣಿ ಏನನ್ನೋ ತೆರೆದು ಓದಿದರು. ಕನ್ನಡಕ ಸರಿಪಡಿಸಿಕೊಂಡು ಇನ್ನೊಮ್ಮೆ ಓದಿದರು. ಅವರು ಕೇಳಿದ್ದನ್ನು ರೋಹಿಂಗ್ಯಾ ಮಾತಿಗೆ ತರುವಾಗ ಮುದುಕನ ದನಿ ತಡವರಿಸಿತು.

“ನೀವು ಸ್ವಂತ ಇಚ್ಛೆಯಿಂದ ಆ ಸೈನ್ಯದಲ್ಲಿ ಸೇವೆ ಮಾಡಿದ್ದೀರಿ ಅಂತ ಇದೆ. ನಿಜವೇ?”

ಸಿಕಂದರ್ ಹೆಬ್ಬೆರಳು ಎತ್ತಿದ.

ಉಜೈರ್ ಉತ್ತರಿಸುವ ಮೊದಲೇ ಅಧಿಕಾರಿಣಿ ವಿವರಿಸಿದರು. ತನ್ನ ದೇಶದವರ ಹಳ್ಳಿಗಳನ್ನೇ ಸುಟ್ಟ ಆರೋಪ ಹೊತ್ತ ಸೈನ್ಯವದು. ಆ ವರ್ಷವಷ್ಟೇ ಮತ್ತೆ ಗದ್ದುಗೆ ಹಿಡಿದು ಊರೂರಲ್ಲಿ ಗುಂಡು ಹಾರಿಸುತ್ತಿದೆ. ಅಂಥ ಸೈನ್ಯಕ್ಕೆ ತಾವಾಗಿ ಸೇರಿ ಸಹಾಯ ಮಾಡಿದವರ ಅರ್ಜಿ ಅಲ್ಲಿಗೇ ನಿಲ್ಲುತ್ತದೆ. ಆದ್ದರಿಂದ ಯೋಚಿಸಿ ಉತ್ತರಿಸಬೇಕು. ಇದನ್ನು ಇಂಗ್ಲಿಷಿನಲ್ಲೇ ಕೇಳಿಸಿಕೊಂಡ ಸಿಕಂದರನ ಹೆಬ್ಬೆರಳು ಗಾಳಿ ಹೋದ ಬಲೂನಿನಂತೆ ನಿಧಾನವಾಗಿ ಕೆಳಗಿಳಿಯಿತು.

ಉಜೈರ್ ಮಗಳತ್ತ ನೋಡಿದ. ಹೌದೆಂದರೆ ಮಗಳ ಶಾಲೆ ಹೋಯಿತು. ಅಲ್ಲವೆಂದರೆ ಹಗ್ಗದ ಮಾತು ಬರಬೇಕು, ಅದೂ ಅವಳ ಎದುರಿಗೆ. ಬೆಟ್ಟ ಹತ್ತಿದ ಅಪ್ಪ ಹೋಗಿ, ಬೆಟ್ಟಕ್ಕೆ ಅಟ್ಟಿಸಿಕೊಂಡ ಅಪ್ಪ ಉಳಿಯಬೇಕು. ಹುಡುಗಿಯನ್ನು ಸ್ವಲ್ಪ ಹೊತ್ತು ಹೊರಗೆ ಕಳಿಸಬಹುದೇ ಎಂದು ಕೇಳಿದ. ಅಧಿಕಾರಿಣಿ ಒಪ್ಪಿದರು. ಹುಡುಗಿ ಒಪ್ಪಲಿಲ್ಲ.

“ನಾನು ಹೋಗಲ್ಲ ಲಾ. ಶಾಲೆ ನಂದು ತಾನೆ?” ಎಂದಳು, ಆ ನೆಲದವರ ‘ಲಾ’ ಸೇರಿಸಿ.

ತಾಹೆರಾ ಒಂದು ಹೆಜ್ಜೆ ಮುಂದೆ ಬಂದಳು. ಹುಡುಗಿಯನ್ನು ಕರೆದೊಯ್ಯಲು ಬಂದವಳು ಉಜೈರನ ಮುಖ ನೋಡಿ ಹಾಗೇ ನಿಂತಳು. ಉಜೈರ್ ಟೈಯನ್ನು ಸಡಿಲಿಸಿ, ತಲೆಯ ಮೇಲಿಂದ ತೆಗೆದು, ಮಡಿಸಿ ಮೇಜಿನ ಮೇಲಿಟ್ಟ.

ಶುಕ್ರವಾರದ ನಮಾಜು ಮುಗಿಸಿ ಹೊರಬಂದಾಗ ಮಸೀದಿಯ ಮುಂದೆ ಲಾರಿ ನಿಂತಿತ್ತು ಎಂದು ಶುರುಮಾಡಿದ. ತೋಳು ಹಿಚುಕಿ ನೋಡಿ ಗಟ್ಟಿಯಿದ್ದವರನ್ನು ಹತ್ತಿಸಿದರು. ದೇವರ ಮುಂದೆ ಬಗ್ಗಿ ಎದ್ದು ಮೈ ಸಡಿಲವಾಗಿದೆ, ಹೊರೆ ಹೊರಲು ತಕ್ಕ ಹೊತ್ತು ಎಂದು ಹವಾಲ್ದಾರ ತಮಾಷೆ ಮಾಡಿದ್ದ. ಸ್ವಾತಂತ್ರ್ಯ ಬಂದಂದಿನಿಂದ ಆ ದೇಶದಲ್ಲಿ ಅಂತರ್ಯುದ್ಧ ನಿಂತೇ ಇಲ್ಲ. ಬೆಟ್ಟದ ಮೇಲಿನ ಬಂಡುಕೋರರಿಗೂ ಸೈನ್ಯಕ್ಕೂ ಜಗಳ. ಆ ಜಗಳಕ್ಕೂ ಅವನ ಊರಿನವರಿಗೂ ಇದ್ದ ಸಂಬಂಧವೆಂದರೆ ಬೆನ್ನು ಮಾತ್ರ. ಹಣೆಗೆ ಪಟ್ಟಿ ಕಟ್ಟಿ ಬೆನ್ನಿಗೆ ಬುಟ್ಟಿ ತೂಗಿಸಿ, ಸೊಂಟಕ್ಕೆ ಹಗ್ಗ ಬಿಗಿದು ಸಾಲಾಗಿ ನಡೆಸುತ್ತಿದ್ದರು. ಬಿದ್ದವನ ಹಗ್ಗ ಕೊಯ್ದು ಅವನ ಹೊರೆಯನ್ನು ಉಳಿದವರಿಗೆ ಹಂಚುತ್ತಿದ್ದರು. ಬಿದ್ದವನನ್ನು ಅಲ್ಲೇ ಬಿಡುತ್ತಿದ್ದರು. ನೆಲಬಾಂಬಿನ ಅನುಮಾನವಿದ್ದಲ್ಲಿ ಹೊರೆಯಾಳುಗಳು ಮುಂದೆ ನಡೆಯಬೇಕು, ಅವರು ಊರಿದ ಹೆಜ್ಜೆಯ ಮೇಲೇ ಹೆಜ್ಜೆಯಿಟ್ಟು ದೇಶದ ವೀರರು ಹಿಂದೆ ಬರುತ್ತಿದ್ದರು.

ದುಭಾಷಿ ಪ್ರತಿ ವಾಕ್ಯವನ್ನೂ ಇಂಗ್ಲಿಷಿಗೆ ತಿರುಗಿಸುತ್ತ ಹೋದ. ಬೆಕ್ಕು ಕೂಡ ಒಂದು ಕಡೆ ಕುಳಿತಿತ್ತು.

“ಮದ್ದುಗುಂಡಿನ ಮೇಲೆ ಒಂದು ಬೆತ್ತದ ಬುಟ್ಟಿ ಇರ್ತಿತ್ತು,” ಎಂದ ಉಜೈರ್. ಈಗ ಅವನು ತೆರೆಯನ್ನು ನೋಡುತ್ತಿರಲಿಲ್ಲ, ಮಗಳನ್ನು ನೋಡುತ್ತಿದ್ದ. “ಅದರಲ್ಲಿ ಹುಂಜ. ಕೆಂಪು ಕತ್ತು, ಕಪ್ಪು ಬಾಲ. ಅದು ನಂದಲ್ಲ, ನಿಶತ್. ಕ್ಯಾಪ್ಟನ್ ಸಾಹೇಬರದು. ನಾನು ಹೊರ್ತಿದ್ದೆ, ಅಷ್ಟೆ.”

ಅವನು ಮುಂದುವರಿದ. ಹುಂಜಕ್ಕೆ ಎರಡು ಹೊತ್ತು ಅನ್ನ, ಹೊರುವವನಿಗೆ ಒಂದು ಹೊತ್ತು. ಮಳೆ ಬಂದರೆ ಹುಂಜಕ್ಕೆ ಪ್ಲಾಸ್ಟಿಕ್ ಹೊದಿಕೆ. ಅದು ನೆನೆದ ದಿನ ಇವನ ಬೆನ್ನಿಗೆ ಬೆತ್ತ. ಅದಕ್ಕೆ ಬಿರುದು, ಹೆಸರು, ಗೆದ್ದ ಕಾಳಗಗಳ ಕೀರ್ತಿ ಎಲ್ಲ ಇತ್ತು. ಇವನನ್ನು ಮೂರು ಮಳೆಗಾಲದಲ್ಲಿ ಯಾರೂ ಹೆಸರು ಕೇಳಿರಲಿಲ್ಲ.

“ನಾನು ಸೈನ್ಯದಲ್ಲಿದ್ದೆ ಅಂತ ಬರೆಯೋದಾದ್ರೆ ಬರೀರಿ, ಮೇಡಂ. ಹುಂಜಾನೂ ಇತ್ತು ಅಂತ ಬರೀರಿ. ಅದು ನನ್ನ ಮೇಲಧಿಕಾರಿ.”

ಅಧಿಕಾರಿಣಿ ತಲೆಯೆತ್ತಲಿಲ್ಲ, ಬೆರಳು ಮಾತ್ರ ವೇಗವಾಗಿ ಓಡುತ್ತಿತ್ತು. ಹೇಗೆ ಬಿಡಿಸಿಕೊಂಡಿರಿ ಎಂದು ಕೇಳಿದರು. ಒಂದು ಮಧ್ಯಾಹ್ನ ಕಣಿವೆಯಲ್ಲಿ ಬಂಡುಕೋರರು ಗುಂಡು ಹಾರಿಸಿದರು ಎಂದ. ಎಲ್ಲರಿಗಿಂತ ಮೊದಲು ಓಡಿದವರು ಕ್ಯಾಪ್ಟನ್ ಸಾಹೇಬರು, ಹುಂಜವನ್ನೂ ಮರೆತು. ಸತ್ತುಬಿದ್ದ ಸಿಪಾಯಿಯ ಚೂರಿಯಿಂದ ಮುಂದಿನವನು ಹಗ್ಗ ಕೊಯ್ದ. ಐದಾರು ಮಂದಿ ಕಾಡು ಹೊಕ್ಕರು. ಅಲ್ಲಿಂದ ಕಡಲು, ಕಡಲಿನಿಂದ ದೋಣಿ, ದೋಣಿಯಿಂದ ಈ ದೇಶ.

ಉಳಿದದ್ದು ಎಲ್ಲರನ್ನೂ ಕೇಳುವ ಒಂದು ಪ್ರಶ್ನೆ. ಅಧಿಕಾರಿಣಿ ಅದನ್ನು ನಿಯಮದಂತೆ ಓದಿದರು. “ಸೈನ್ಯದಿಂದ ಹೊರಡುವಾಗ ಯಾವುದಾದರೂ ಆಯುಧ ಅಥವಾ ಸೈನ್ಯದ ಆಸ್ತಿಯನ್ನು ಜೊತೆಗೆ ಒಯ್ದಿದ್ದೀರಾ?”

ಸತ್ಯವನ್ನೇ ಹೇಳುತ್ತೇನೆಂದು ಮೊದಲಲ್ಲೇ ಆಣೆಯಾಗಿತ್ತು. ಸಿಕಂದರ್ ಲ್ಯಾಪ್‌ಟಾಪಿನ ಹಿಂದೆ ಎರಡು ಕೈಯನ್ನೂ ಬೇಡ ಬೇಡವೆಂದು ಆಡಿಸಿದ. “ರೀ, ಕೈ ಕಟ್ಕೊಂಡ ಸುಮ್ ಕೂಡ್ರಿ,” ಎಂದಳು ತಾಹೆರಾ.

“ಒಂದು ಹುಂಜ,” ಎಂದ ಉಜೈರ್.

ದುಭಾಷಿ ತಾನು ಸರಿಯಾಗಿ ಕೇಳಿಸಿಕೊಂಡೆನೇ ಎಂದು ಇವನನ್ನೇ ಮತ್ತೆ ಕೇಳಿ, ಖಚಿತಪಡಿಸಿಕೊಂಡು, ಬಹು ಗಂಭೀರವಾಗಿ ಅನುವಾದಿಸಿದ. ಬೆನ್ನ ಮೇಲೆ ಬುಟ್ಟಿಯಿದ್ದದ್ದು ಓಡುವ ಭರದಲ್ಲಿ ಮರೆತೇ ಹೋಗಿತ್ತೆಂದು ಉಜೈರ್ ಸೇರಿಸಿದ.

“ಆ ಆಸ್ತಿ ಈಗ ಎಲ್ಲಿದೆ?”

“ತಿಂದೆವು.”

ಅಧಿಕಾರಿಣಿಯ ಮೈಕು ಬಂದಾಯಿತು. ಅವರು ಮುಖ ಕೆಳಗೆ ಹಾಕಿದರು, ಭುಜ ಕುಲುಕುತ್ತಿತ್ತು. ದುಭಾಷಿ ತನ್ನ ಮೈಕು ಮುಚ್ಚಲು ಮರೆತದ್ದರಿಂದ ಮುದುಕ ಉಬ್ಬಸ ಬಂದವನಂತೆ ನಗುವುದು ಮನೆತುಂಬ ಕೇಳಿಸಿತು. ಆ ನಗೆಯ ಕೊನೆಗೆ ಅವನು ಮೂಗು ಸೀಟಿಕೊಂಡ. ಯಾವ ಬೆಟ್ಟದಲ್ಲಿ, ಎಷ್ಟು ಮಳೆಗಾಲ ಅವನೂ ಹೊತ್ತಿದ್ದನೋ ಯಾರೂ ಕೇಳಲಿಲ್ಲ, ಕೇಳುವ ನಿಯಮವೂ ಇರಲಿಲ್ಲ.

ಮರಳಿ ತಲೆಯೆತ್ತಿದಾಗ ಅಧಿಕಾರಿಣಿ ಮತ್ತೆ ಅಧಿಕಾರಿಣಿಯೇ ಆಗಿದ್ದರು. ಬಯೋಡೇಟಾವನ್ನು ಪರಿಗಣಿಸುವುದಿಲ್ಲ ಎಂದರು. ಉದ್ಯೋಗದ ಕಡೆ ಕಂಪ್ಯೂಟರು ಸೈನಿಕ, ಸೇನೆಯ ನೌಕರ, ಸ್ವಯಂಸೇವಕ ಎಂಬ ಆಯ್ಕೆಗಳನ್ನಷ್ಟೇ ಕೊಡುತ್ತಿದೆ ಎಂದು ಸಣ್ಣ ದನಿಯಲ್ಲಿ ಗೊಣಗಿ, ಕೊನೆಗೆ ‘ಇತರೆ’ ಒತ್ತಿದರು. ಅದರೆದುರು ಸೆರೆಹಿಡಿದು ಹೊರೆ ಹೊರಿಸಲಾದವನು ಎಂದು ತಾವೇ ಟೈಪು ಮಾಡಿ ಓದಿ ಹೇಳಿದರು. ಸಾವಿರಾರು ವರ್ಷ ಲೋಕದ ಕೋಟೆ ಕಂದಕಗಳನ್ನೆಲ್ಲ ಕಟ್ಟಿದವರು ಹೀಗೆ ಕಟ್ಟಕಡೆಗೆ ‘ಇತರೆ’ಯ ಎದುರು ಬಂದು ನಿಂತರು. ಅರ್ಜಿ ನಿಲ್ಲುವುದಿಲ್ಲ, ಮುಂದಿನದು ವೈದ್ಯಕೀಯ ತಪಾಸಣೆ, ತಂದೆ ಮಗಳು ಇಬ್ಬರೂ ಬರಬೇಕು ಎಂದರು. ತೆರೆ ಕಪ್ಪಾಯಿತು.

ಸಿಕಂದರ್ ಕುಕ್ಕರಗಾಲಿನಿಂದ ಏಳಲಾರದೆ ಹಾಗೇ ನೆಲಕ್ಕೆ ಕುಳಿತ. “ಉಜೈರ್, ನಾನು ಸ್ವಯಂಸೇವಕ ಅಂತ ಬರೆದಿದ್ದೆನಲ್ಲೋ,” ಎಂದ.

“ಚೆನ್ನಾಗೇ ಇತ್ತು ಭಾಯ್. ನಾನೇ ಮೂರು ಸಲ ಓದಿಸಿದೆನಲ್ಲ.”

ತಾಹೆರಾ ಎಲ್ಲರಿಗೂ ಟೀ ತಂದಿಟ್ಟಳು. ಗಂಡನ ಲೋಟವನ್ನು ಅವನಿದ್ದಲ್ಲಿಗೇ ಬಗ್ಗಿ ಕೊಡುತ್ತ, “ಬಳಗದವರ ಶಾಲು ನಾಳೆ ವಾಪಸ್ ಕಳಿಸಿಬಿಡ್ರಿ. ಚೀಟಿ ಇನ್ನಾ ಹಾಂಗ ಐತಿ,” ಎಂದಳು.

ನಿಶತ್ ಟೀ ಮುಟ್ಟಲಿಲ್ಲ. ಪುಸ್ತಕದ ಚೀಲ ತೆಗೆದುಕೊಂಡು ಬಾಗಿಲಲ್ಲಿ ಹೋಗಿ ನಿಂತಳು. ಲಿಫ್ಟಿನಲ್ಲಿ ಮಾಸ್ಕಿನ ಮೇಲಿದ್ದ ಎರಡು ಕಣ್ಣು ಕೆಳಗಿಳಿಯುವ ಅಂಕಿಗಳನ್ನೇ ನೋಡುತ್ತಿದ್ದವು. ಹಗ್ಗದ ಬಗ್ಗೆ ಕೇಳುತ್ತಾಳೆ, ಮೊದಲೇ ಯಾಕೆ ಓಡಲಿಲ್ಲ ಎಂದು ಕೇಳುತ್ತಾಳೆ ಎಂದು ಉಜೈರ್ ಎದೆ ಗಟ್ಟಿಮಾಡಿಕೊಂಡು ಕಾದ. ಗೇಟು ದಾಟಿದ ಮೇಲೆ ಅವಳು ದಿನದ ಅಭ್ಯಾಸದಂತೆ ಚೀಲವನ್ನು ಕಳಚಿ ಅವನತ್ತ ಚಾಚಿದಳು. ಅವನು ತೆಗೆದುಕೊಂಡು ಹೆಗಲಿಗೆ ಹಾಕಿಕೊಂಡ.

ಮಾಮಕ್ ಅಂಗಡಿಯಲ್ಲಿ ಕುರ್ಚಿಗಳನ್ನೆಲ್ಲ ಮೇಜಿನ ಮೇಲೆ ಮಗುಚಿಟ್ಟಿದ್ದರು. ತಪಾವ್ ಮಾತ್ರ, ಕಟ್ಟಿಸಿಕೊಂಡು ಹೊರಡಬೇಕು. ಅವನು ಕೋಳಿಯಿಲ್ಲದ ಬರಿಯ ಅನ್ನ ಸಾರು ಹೇಳಿದ. ಪೊಟ್ಟಣಕ್ಕೆ ಕಾಯುತ್ತ ನಿಂತಾಗ ನಿಶತ್ ಬಾಯಿ ಬಿಟ್ಟಳು.

“ರಾಜಾನ ತಿಂದುಬಿಟ್ಯಾ, ಅಬ್ಬು?”

“ಹೂಂ.”

“ಅದು ಬೆಟ್ಟದ ಮೇಲೆ ಇಲ್ವಾ ಹಾಗಾದ್ರೆ?”

“ಇಲ್ಲ.”

ಅವಳು ಬೆರಳು ಮಡಿಸುತ್ತ ನಿಂತಳು. ಹತ್ತು ವರ್ಷದ ಸುಪ್ರಭಾತಗಳ ಲೆಕ್ಕ ಅಷ್ಟು ಬೇಗ ಮುಗಿಯುವಂಥದ್ದಲ್ಲ. ಅಂಗಡಿಯವನು ಪೊಟ್ಟಣಕ್ಕೆ ರಬ್ಬರು ಸುತ್ತಿ ಗಾಜಿನ ಅಡಿಯಿಂದ ಸರಿಸಿದ. ಅದನ್ನು ಕೈಗೆತ್ತಿಕೊಂಡು ಬಿಸಿ ನೋಡುತ್ತ ಅವಳು ಕೇಳಿದಳು.

“ರುಚಿ ಇತ್ತಾ?”

ಮತ್ತೊಂದು ಕಥೆ ಹೇಳುವುದು ಕಷ್ಟವಿರಲಿಲ್ಲ. ನಾಲಿಗೆಯ ತುದಿಗೂ ಬಂದಿತ್ತು. ಉಜೈರ್ ಚೀಲವನ್ನು ಇನ್ನೊಂದು ಹೆಗಲಿಗೆ ಬದಲಾಯಿಸಿಕೊಂಡ.

“ಉಪ್ಪಿರಲಿಲ್ಲ,” ಎಂದ.